ಗವಿ ತೋರಿಸಿದವಳಿಗೆ

ನನ್ನ ತಂಗಿ ರಂಗವ್ವಗೆ,

ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾಲ್ಕು ಪುಟ ತುಂಬಿಸಿದರೂ ಹೇಳುವವಳಲ್ಲ ನಾನು. ತೋಳದ ಗವಿಯ ವಿಡಿಯೋ ಸ್ಟೇಟಸ್ಸಿಗೆ ಹಾಕಿದವಳು ನಾನು. ಆ ಹುಡುಗರು ನಾಯಿ ಕಟ್ಟಿಕೊಂಡು, ಗುದ್ದಲಿ ಹಿಡಿದುಕೊಂಡು ಬಂದದ್ದು ಅದನ್ನು ನೋಡಿಯೇ. ನಿನಗಿದು ಗೊತ್ತು. ಗೊತ್ತಿದ್ದೂ ಅಪ್ಪನ ಮುಂದೆ ನನ್ನ ಹೆಸರು ಎತ್ತಲಿಲ್ಲ ನೀನು. ಇಪ್ಪತ್ತು ದಿನದಿಂದ ಅಪ್ಪ ನಿನ್ನ ಜೊತೆ ಮಾತು ಬಿಟ್ಟಿದ್ದಾನಂತೆ. ಬರುವ ಸೋಮವಾರ ಕುರಿ ಹೊರಡುವಾಗ ಮುಂದೆ ನಡೆಯುವವಳು ನೀನಲ್ಲ, ಅತ್ತೆಯ ಮಗ ಮುತ್ತುರಾಜ ಅಂತೆ. ಅವ್ವ ಫೋನಿನಲ್ಲಿ ಹೇಳಿದಳು. ಅದಕ್ಕೇ ಬರೆಯುತ್ತಿದ್ದೇನೆ.

ಫೋನು ಮಾಡಬಹುದಿತ್ತು. ಆದರೆ ಫೋನು ಅವ್ವನ ಸೆರಗಿನಲ್ಲಿರುತ್ತದೆ, ಮತ್ತೆ ನನ್ನ ದನಿಗೆ ಸುಳ್ಳು ಹೇಳಿ ರೂಢಿಯಾಗಿದೆ. ಕೈಗೆ ಇನ್ನೂ ಅಷ್ಟು ರೂಢಿಯಾಗಿಲ್ಲ. ಮೂರು ಸಲ ಬರೆದು ಹರಿದೆ. ಒಂದು ಪತ್ರ ಪೂರ್ತಿ ಇಂಗ್ಲಿಷಿನಲ್ಲಿ ಸಾರಿ, ಇನ್ನೊಂದು ಪರೀಕ್ಷೆಯ ಉತ್ತರದ ಹಾಗೆ ಪಾಯಿಂಟ್ ಹಾಕಿ ಸಾರಿ. ಸಾರಿ ಅಂದುಬಿಟ್ಟರೆ ಯಾಕೆ ಮಾಡಿದೆ ಅನ್ನುವುದು ಒಳಗೇ ಉಳಿಯುತ್ತದೆ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ರಂಗಿ. ಇವತ್ತಿನದಲ್ಲ.

ನನಗೆ ಆರು, ನಿನಗೆ ನಾಲ್ಕು. ನಮ್ಮ ಹಟ್ಟಿ ಶಿವಯೋಗ ಮಂದಿರದ ಕಡೆ ಹೊಳೆ ದಂಡೆಯ ಒಂದು ಹೊಲದಲ್ಲಿತ್ತು. ಬೆಳಗಿನ ಜಾವ ಕಳೆದು ಮಬ್ಬು ಬೆಳಕಾಗಿತ್ತು, ಅಪ್ಪ ನೀರಿಗೆ ಹೋಗಿದ್ದ. ಕುರಿಗಳ ಸುತ್ತ ಕಟ್ಟಿದ ಬಲೆಯ ಸಂದಿಯಿಂದ ತೋಳ ಒಳಗೆ ಬಂತು. ನನ್ನ ಕಾಲಿನಿಂದ ಮೂರು ಮಾರು ದೂರ. ನಾನು ಕೂಗಬೇಕಿತ್ತು, ಬಾಯಿ ತೆರೆದರೆ ದನಿಯೇ ಇಲ್ಲ. ಚಡ್ಡಿ ಒದ್ದೆ ಮಾಡಿಕೊಂಡು ನಿಂತಿದ್ದೆ. ನೀನು ಕಂಬಳಿಯೊಳಗಿಂದ ಎದ್ದು ಬಂದು ರೊಟ್ಟಿ ಹಿಟ್ಟು ನಾದುವ ಪರಾತ ತಗೊಂಡು ಸೌಟಿನಿಂದ ದಬದಬ ಬಡಿದೆ. ಅದಕ್ಕೆ ಅಂಜಿಕೆಯಾಯಿತೋ ನಗು ಬಂತೋ, ಬಾಯಲ್ಲಿದ್ದ ಕುರಿಮರಿ ಬಿಟ್ಟು ಓಡಿತು. ಅಪ್ಪ ಓಡಿ ಬಂದವನು ನಿನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ನನ್ನ ಕಡೆ ನೋಡಿ ಅವ್ವನಿಗೆ, "ಇಕಿ ಅಂಜುಬುರಕಿ ಅದಾಳ. ಇಕಿನ್ನ ಸಾಲಿಗೆ ಹಾಕೂಣು," ಅಂದ. ಬೈಯಲಿಲ್ಲ. ನಕ್ಕೊಂಡೇ ಅಂದ.

ಆ ಜೂನ್ ತಿಂಗಳಲ್ಲಿ ನನ್ನನ್ನು ಬಾದಾಮಿಯ ಹತ್ತಿರದ ವಸತಿ ಶಾಲೆಗೆ ಬಿಟ್ಟರು. ಓದಿಸಬೇಕು ಅಂತ ಓದಿಸಿದರು, ಅದು ಸುಳ್ಳಲ್ಲ. ಆದರೆ ನನಗೆ ಮಾತ್ರ ಅದು ಶಾಲೆ ಅನ್ನಿಸಲಿಲ್ಲ, ಹಟ್ಟಿಯಿಂದ ಹೊರಗೆ ಹಾಕಿದ್ದು ಅನ್ನಿಸಿತು. ಹನ್ನೆರಡು ವರ್ಷ ಘಂಟೆ ಬಾರಿಸಿದಾಗ ಎದ್ದೆ, ಘಂಟೆ ಬಾರಿಸಿದಾಗ ಉಂಡೆ. ಅಪ್ಪ ವರ್ಷಕ್ಕೊಮ್ಮೆ ಬರುತ್ತಿದ್ದ, ಗೇಟಿನ ಹತ್ತಿರ ಕೂತು ಹತ್ತು ನಿಮಿಷಕ್ಕೆ ಏಳುತ್ತಿದ್ದ. "ಕುರಿ ಬಿಟ್ಟು ಬಂದೀನವಾ, ರಂಗಿ ಒಬ್ಬಾಕೆ ಅದಾಳ." ಪ್ರತಿ ಸಲವೂ ಅದೇ ಮಾತು. ನಾನು ಒಬ್ಬಳೇ ಇರುವುದು ಯಾರಿಗೂ ಲೆಕ್ಕಕ್ಕಿರಲಿಲ್ಲ.

ನೀನು ಎಂಟನೇ ಇಯತ್ತೆಗೆ ಶಾಲೆ ಬಿಟ್ಟಾಗ ಅವ್ವ ಅತ್ತಳು. ನಾನು ಫೋನಿನಲ್ಲಿ, "ಓದಬೇಕು ರಂಗಿ, ಎಜುಕೇಶನ್ ಭಾಳ ಮುಖ್ಯ," ಅಂತ ದೊಡ್ಡ ಮನುಷ್ಯಳ ಹಾಗೆ ಬುದ್ಧಿ ಹೇಳಿದೆ. ಆಮೇಲೆ ಬಾತ್‌ರೂಮಿನಲ್ಲಿ ಕೂತು ಉಗುರು ಕಡಿದೆ. ಇನ್ನು ಮೇಲೆ ದಿನವಿಡೀ ಅಪ್ಪ ನಿನ್ನವನು ಅಂತ. ನೀವಿಬ್ಬರೂ ಮಾತೇ ಆಡದೆ ಅರ್ಧ ದಿನ ನಡೆಯುತ್ತೀರಿ, ಅಪ್ಪ ಗದ್ದ ಎತ್ತಿದರೆ ಸಾಕು ನೀನು ಎಡಕ್ಕೆ ತಿರುಗುತ್ತೀ. ನನ್ನ ಜೊತೆಗೆ ಅವನಿಗೆ ಮಾತು ಬೇಕು. "ಊಟ ಆತೇನು? ಅಭ್ಯಾಸ ಚಲೋ ನಡದೈತೇನು?" ಅಷ್ಟಕ್ಕೆ ಮುಗಿಯಿತು, ಫೋನು ಅವ್ವನ ಕೈಗೆ.

ಈಗ ಸಂಕ್ರಾಂತಿಯ ರಜೆಯ ಮಾತಿಗೆ ಬರುತ್ತೇನೆ.

ಮರೋಳದ ಕಡೆ ಸುಭಾನಸಾಬ ಚಾಚಾನ ತೊಗರಿ ಕೊಯ್ದ ಹೊಲದಲ್ಲಿ ನಮ್ಮ ಕುರಿ ತರುಬಿ ಹಟ್ಟಿ ಹಾಕಿದ್ದೆವು. ಗೊಬ್ಬರ ಅವರಿಗೆ, ಮೇವು ನಮಗೆ, ಎಷ್ಟೋ ವರ್ಷದ ಪದ್ಧತಿ. ಬಂದ ಮೂರನೇ ದಿನ ಮಧ್ಯಾಹ್ನ ನೀನು ನನ್ನ ಕೈ ಹಿಡಿದು, "ಅಕ್ಕ, ನಿನಗೊಂದು ತೋರಸ್ತೇನಿ ಬಾ, ಚಪ್ಪಲಿ ಬಿಡು," ಅಂದೆ. ಏರು ನೀರಾವರಿಯ ಪೈಪು ಹಾದುಹೋಗುವ ದಿನ್ನೆಯ ಆಚೆ, ಒಣಗಿದ ಹಳ್ಳದ ದಂಡೆ. ಹೊಟ್ಟೆಯ ಮೇಲೆ ತೆವಳಿದೆವು. ನನ್ನ ಡ್ರೆಸ್ಸಿಗೆ ಮುಳ್ಳು ಸಿಕ್ಕಿ ಪರ್ ಅಂತ ಹರಿದಾಗ ನೀನು ನಗು ತಡೆಯಲಾರದೆ ಮುಖವನ್ನು ಮಣ್ಣಿಗೆ ಒತ್ತಿಕೊಂಡೆ. ಆಮೇಲೆ ಕಂಡವು. ನಾಲ್ಕು ಮರಿ. ಗವಿಯ ಬಾಯಲ್ಲಿ ಒಂದರ ಕಿವಿ ಇನ್ನೊಂದು ಕಚ್ಚುತ್ತ, ಬಿದ್ದು ಏಳುತ್ತ. ನಮ್ಮ ನಾಯಿಮರಿಗಳ ಹಾಗೇ, ಆದರೆ ಬಣ್ಣ ಒಣ ಹುಲ್ಲಿನದು.

ತಾಯಿ ಹಳ್ಳದ ಆ ಕಡೆ ನಿಂತಿತ್ತು. ನಿನ್ನನ್ನು ನೋಡಿತು, ಕೂತುಕೊಂಡಿತು. ಬಾಜೂ ಮನೆಯ ಹೆಂಗಸು ಹಿತ್ತಲಿಗೆ ಬಂದರೆ ಅವ್ವ ಕೂರುವ ಹಾಗೆ. ಆಮೇಲೆ ನನ್ನನ್ನು ನೋಡಿ ಮತ್ತೆ ಎದ್ದು ನಿಂತಿತು. ಅದಕ್ಕೂ ನೀನೇ ಬೇಕಾದವಳು. ನಗಬೇಡ ರಂಗಿ, ಒಂದು ತೋಳದ ವಿಷಯಕ್ಕೂ ನಾನು ಹೊಟ್ಟೆಕಿಚ್ಚು ಪಟ್ಟೆ.

ನಾನು ಫೋನು ತೆಗೆದು ನಲವತ್ತು ಸೆಕೆಂಡಿನ ವಿಡಿಯೋ ಮಾಡಿದೆ. ನೀನು ಬೇಡ ಅನ್ನಲಿಲ್ಲ, ಅಕ್ಕ ಅಲ್ಲವೇ ಅಂತ. ವಾಪಸು ಬರುವಾಗ ಮಾತ್ರ ಹೇಳಿದೆ: "ಯಾರಿಗೂ ತೋರಸಬ್ಯಾಡ ಅಕ್ಕ. ಅವ್ವಗೂ ಹೇಳಬ್ಯಾಡ. ಗವಿ ಬಾಜೂಕ ಇರೂ ಹಟ್ಟಿಗೆ ಅದು ಬಾಯಿ ಹಾಕಂಗಿಲ್ಲ ಅಂತಾನ ಅಪ್ಪ. ಅದಕ್ಕ ಈ ಸಲ ಇಲ್ಲೇ ತರುಬೇವಿ. ಮರಿ ದೊಡ್ಡವಾಗೂತನ ನಾವ ಅದರ ಕಾವಲು, ಅದು ನಮ್ಮ ಕಾವಲು. ಸುಭಾನ ಚಾಚಾಗ ಅಷ್ಟ ಗೊತ್ತೈತಿ. ನಿನಗ ತೋರಿಸಿದ್ದು ಅಪ್ಪಗ ಗೊತ್ತಿಲ್ಲ, ಮತ್ತ."

"ಪ್ರಾಮಿಸ್," ಅಂದೆ. ನೆನಪಿದೆ.

ಆದ್ದರಿಂದ ನನಗೆ ಗೊತ್ತಿರಲಿಲ್ಲ ಅನ್ನುವ ಮಾತು ಇಲ್ಲ. ಹಾಸ್ಟೆಲಿನ ಹುಡುಗಿ, ಅವಳಿಗೇನು ತಿಳಿಯುತ್ತದೆ ಅಂತ ಯಾರಾದರೂ ಅಂದರೆ ನೀನು ಒಪ್ಪಬೇಡ.

ಇಲ್ಲಿ ಬಾಗಲಕೋಟೆಯ ಕಾಲೇಜಿನಲ್ಲಿ ನಾನು ಹೇಗಿದ್ದೇನೆ ಅಂತ ನಿನಗೆ ಯಾವತ್ತೂ ಹೇಳಿಲ್ಲ. ಅಟೆಂಡೆನ್ಸ್ ಕೂಗುವಾಗ "ಪ್ರೆಸೆಂಟ್ ಸರ್" ಅನ್ನಲು ಹಿಂದಿನ ಹೆಸರು ಬಂದಾಗಿನಿಂದಲೇ ತುಟಿಯೊಳಗೇ ಅಭ್ಯಾಸ ಮಾಡುತ್ತೇನೆ. ಇಂಗ್ಲಿಷಿನಲ್ಲಿ ಅರ್ಧ ವಾಕ್ಯ ಕಟ್ಟಿ ಉಳಿದರ್ಧಕ್ಕೆ ನೆಲ ನೋಡುತ್ತೇನೆ. ಕನ್ನಡದಲ್ಲಿ ಮಾತಾಡಿದರೆ ಹಳ್ಳಿಯವಳು, ಊರಿಗೆ ಬಂದರೆ ಇಂಗ್ಲಿಷಿನವಳು. ನನ್ನ ಜೊತೆ ಕೂರುವವಳು ರೂಮ್‌ಮೇಟ್ ನರ್ಗೀಸ ಒಬ್ಬಳೇ.

ಜನವರಿ ಕೊನೆಗೆ ಝೂವಾಲಜಿಯ ಶ್ರೀಶೈಲ ಸರ್ ತೋಳದ ಪಾಠ ಮಾಡಿದರು. ಗೋಡೆಯ ಮೇಲೆ ಚಿತ್ರ ಬಿಟ್ಟು, ನಿಮ್ಮಲ್ಲಿ ಯಾರಾದರೂ ತೋಳವನ್ನು ಕಣ್ಣಾರೆ ನೋಡಿದ್ದೀರಾ ಅಂತ ಕೇಳಿದರು. ನನ್ನ ಕೈ ಮೇಲೆದ್ದಿತ್ತು. ನಾನು ಎತ್ತಿದೆನೋ ತಾನಾಗಿ ಎದ್ದಿತೋ ತಿಳಿಯಲಿಲ್ಲ. ಆಮೇಲೆ ಮಾತು ಬಂತು. ನೋಡು, ನನಗೆ ಮಾತು ಬಂತು! ಪರಾತ ಬಡಿದು ತೋಳ ಓಡಿಸಿದ ಕತೆ ಹೇಳಿದೆ. ಬಡಿದವಳು ನಾನು ಅಂತ ಹೇಳಿದೆ. ಹೊಟ್ಟೆಯ ಮೇಲೆ ತೆವಳಿ ಗವಿ ಹುಡುಕಿದ್ದು ಹೇಳಿದೆ. ತಾಯಿ ನನ್ನನ್ನು ನೋಡಿ ಕೂತುಕೊಂಡಿತು ಅಂದೆ. ಎಂಬತ್ತು ತಲೆ ನನ್ನ ಕಡೆ ತಿರುಗಿದ್ದವು. ಸರ್ ಕನ್ನಡಕ ತೆಗೆದು, "ಭಾಳ ಧೈರ್ಯದಾಕಿ ಇದ್ದೀಯಮ್ಮ," ಅಂದರು. ನಿನ್ನ ಬದುಕಿನಿಂದ ಹದಿನೈದು ನಿಮಿಷ ಕದ್ದು ನಾನು ಬದುಕಿದೆ. ಅಷ್ಟು ಚಂದದ ಹದಿನೈದು ನಿಮಿಷ ನನಗೆ ಮೊದಲು ಸಿಕ್ಕಿರಲಿಲ್ಲ.

ಸಂಜೆ ಎಲ್ಲರೂ ವಿಡಿಯೋ ಎಲ್ಲಿದೆ ಅಂತ ಕೇಳಿದರು. ಸ್ಟೇಟಸ್ಸಿಗೆ ಹಾಕಿದೆ. "ನಮ್ಮ ಹೊಲ, ನಮ್ಮ ತೋಳ. ಹುಡುಕಿದ್ದು ನಾನು" ಅಂತ ಬರೆದೆ. ನರ್ಗೀಸ ನೋಡಿ, "ಏ ಅಂಜು, ಪೈಪು ಕಾಣಾಕತ್ತೈತಿ ಹಿಂದ. ನಮ್ಮ ಇಳಕಲ್ಲಿನವ್ರಿಗೂ ಗುರ್ತು ಸಿಗ್ತೈತಿ ಅದು ಯಾವ ಜಾಗಾ ಅಂತ. ತಗಿ ಮೊದಲ," ಅಂದಳು. ತೆಗೆದೆ, ಎರಡು ತಾಸಿನ ಮೇಲೆ.

ಆ ಎರಡು ತಾಸಿನ ಬಗ್ಗೆ ಹೇಳಬೇಕು ನಿನಗೆ. ಹಾಕುವಾಗಲೇ ಪೈಪು ನನಗೆ ಕಂಡಿತ್ತು. ಕತ್ತರಿಸಿ ಹಾಕಬಹುದಿತ್ತು, ನನಗೆ ಬರುತ್ತದೆ. ಬೆರಳು ಅಲ್ಲಿಗೇ ಹೋಗಿ ನಿಂತಿತು. ಗೊತ್ತಾದರೆ ಗೊತ್ತಾಗಲಿ ಬಿಡು ಅನ್ನಿಸಿತು. ಅಪ್ಪ ಮತ್ತು ನೀನು ಇಬ್ಬರೇ ಇಟ್ಟುಕೊಂಡ ಒಂದು ಜಾಗ ಭೂಮಿಯ ಮೇಲೆ ಇರುವುದನ್ನೇ ನನಗೆ ಸಹಿಸಲಾಗಲಿಲ್ಲ. ಮರಿಗಳಿಗೆ ಕೇಡಾಗಲಿ ಅಂತ ಅಂದುಕೊಳ್ಳಲಿಲ್ಲ, ಬೀರಪ್ಪನಾಣೆ. ಮರಿಗಳ ನೆನಪೇ ಬರಲಿಲ್ಲ.

ಅಷ್ಟರಲ್ಲಿ ಅದು ಫೋನಿನಿಂದ ಫೋನಿಗೆ ದಾಟಿತ್ತು; ಭಾನುವಾರ ಬೇರೆ ಊರಿನ ಹುಡುಗರು ಬಂದರು. ಎರಡು ಬೈಕು, ಮೂರು ನಾಯಿ. ಉಳಿದದ್ದನ್ನು ನೀನು ನೋಡಿದವಳು, ನಾನು ಕೇಳಿದವಳು. ಗವಿಯ ಬಾಯಿ ಅಗೆದು ಮೇಲಿನ ಮಣ್ಣು ಕುಸಿದು ಎರಡು ಮರಿ ಒಳಗೇ ಸತ್ತವು. ಉಳಿದೆರಡನ್ನು ತಾಯಿ ಎಲ್ಲಿಗೆ ಒಯ್ದಿತೋ ಯಾರಿಗೂ ತಿಳಿಯದು. ಮರುದಿನದಿಂದ ಹಾಡಹಗಲೇ ಹಟ್ಟಿಗೆ ನುಗ್ಗತೊಡಗಿತು. ಒಂದು ವಾರದಲ್ಲಿ ನಮ್ಮ ಮೂರು ಕುರಿಮರಿ, ಚಾಚಾನ ಒಂದು ಆಡು. ಸುತ್ತಲಿನ ಹೊಲದವರು ವಿಷ ಹಾಕುವ ಮಾತು ತೆಗೆದಾಗ ಅಪ್ಪ ಕಂಬಳಿ ಹಾಸಿ ದಾರಿಗೆ ಅಡ್ಡ ಕೂತನಂತೆ. "ಅದರ ಮನಿ ನಾವ ಕೆಡಿಸೇವಿ. ಅದು ಬಂದು ಕೇಳಾಕತ್ತೈತಿ. ಕೊಡ್ರಿ," ಅಂದನಂತೆ.

ಹುಡುಗರು ಬಂದ ಆ ಭಾನುವಾರ ಸಂಜೆ ಏನಾಯಿತು ಅಂತ ಅವ್ವ ಅತ್ತು ಅತ್ತು ಹೇಳಿದಳು. "ನಿಮ್ಮಪ್ಪ ಬೀರಪ್ಪನ ಭಂಡಾರ ಅಂಗೈಯಾಗ ಹಿಡಕೊಂಡು ಬಂದ. ಗವಿ ನಾ ಯಾರಿಗೂ ತೋರಸಿಲ್ಲ ಅನ್ನು, ಮುಟ್ಟು ಅಂದ. ಅಕಿ ಮುಟ್ಟಲಿಲ್ಲ ನೋಡವಾ. ನಾಕು ಮಂದಿ ಮುಂದ ಕೈ ಹಿಂದ ಎಳಕೊಂಡ್ಲು. ಯಾರಿಗೆ ತೋರಿಸಿದಿ ಹೇಳು ಅಂದ್ರ ಬಾಯಿ ಬಿಡವಲ್ಲಳು."

ಗುಡಿಯ ಅರಿಶಿನ ಮುಟ್ಟಿ ಸುಳ್ಳು ಹೇಳಲು ನಿನ್ನಿಂದ ಆಗಲಿಲ್ಲ. ತೋರಿಸಿದ್ದು ನಿಜ, ನನಗೆ ತೋರಿಸಿದ್ದೆ. 'ಅಕ್ಕಗ' ಅನ್ನುವ ಒಂದೇ ಮಾತು ಸಾಕಿತ್ತು, ಅದನ್ನೂ ಹೇಳಲಿಲ್ಲ. ನಾನಾಗಿದ್ದರೆ ಹೇಳುತ್ತಿದ್ದೆ ರಂಗಿ. ನೂರಕ್ಕೆ ನೂರು ಹೇಳುತ್ತಿದ್ದೆ.

ಅವ್ವ ಅಳುತ್ತಿದ್ದಾಗ ನನಗೆ ಮೊದಲು ಏನನ್ನಿಸಿತು ಗೊತ್ತೇ? ಖುಷಿ. ಒಂದು ಉಸಿರಿನಷ್ಟು ಹೊತ್ತು ಇತ್ತು, ಆದರೆ ಇತ್ತು. ಕೊನೆಗೂ ಅಪ್ಪನ ಕಣ್ಣಲ್ಲಿ ನೀನು ಸ್ವಲ್ಪ ಕೆಳಗಿಳಿದೆ ಅಂತ. ನಾಚಿಕೆ, ಅಳು, ಅದೆಲ್ಲ ಆಮೇಲೆ.

ಮೊನ್ನೆ ಬುಧವಾರ ಅಪ್ಪ ಇಲ್ಲಿಗೆ ಬಂದಿದ್ದ. ನಿನಗೆ ಹೇಳಿರಲಿಕ್ಕಿಲ್ಲ. ಹುನಗುಂದದಿಂದ ಬಸ್ಸು ಹಿಡಿದು, ಹೆಗಲಿಗೆ ಕಂಬಳಿ ಹಾಕಿಕೊಂಡು. ವಾಚ್‌ಮನ್ ಒಳಗೆ ಬಿಡದೆ ಬೇವಿನ ಗಿಡದ ಕಟ್ಟೆಯ ಮೇಲೆ ಕೂರಿಸಿದ್ದ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ಕೊಟ್ಟ. ಹತ್ತು ನಿಮಿಷವಲ್ಲ ರಂಗಿ, ಎರಡು ತಾಸು ಕೂತ. ಕುರಿ ಬಿಟ್ಟು ಬಂದೀನಿ ಅಂತ ಒಂದು ಸಲವೂ ಅನ್ನಲಿಲ್ಲ. ಹನ್ನೆರಡು ವರ್ಷ ನಾನು ಗೇಟಿನಲ್ಲಿ ಕಾದ ಎರಡು ತಾಸು ಅದು.

ಪೂರ್ತಿ ಎರಡು ತಾಸೂ ನಿನ್ನ ಮಾತೇ.

"ಕುರಿಮರಿ ಹೋದದ್ದಕ್ಕ ನಂಗ ದುಃಖ ಇಲ್ಲವಾ. ಅಕಿ ಬಾಯಿ ಹಗುರ ಮಾಡಿದ್ಲಲ್ಲ. ಅಕಿ ಮ್ಯಾಲೆ ನಾ ಕಣ್ಣು ಮುಚ್ಚಿ ನಡದಿದ್ದೆ. ನೀ ಓದಿದಾಕಿ, ನಿನಗ ಹೇಳದ ಯಾರಿಗೆ ಹೇಳಲಿ?"

ಆಗ ಹೇಳಬೇಕಿತ್ತು. ನಾನು ಹಿಂಡಿಯನ್ನು ರೊಟ್ಟಿಗೆ ಹಚ್ಚುತ್ತ, "ಬ್ಯಾರೆ ಯಾರರ ನೋಡಿರಬಹುದಲ್ಲ ಅಪ್ಪಾ?" ಅಂದೆ.

"ಯಾರು ನೋಡ್ತಾರ? ಆ ಜಾಗಾ ಗೊತ್ತಿದ್ದದ್ದು ಮೂರ ಮಂದಿಗೆ. ನಾ, ಸುಭಾನ, ಅಕಿ."

"ಮತ್ತ ನಾನು?" ಅಂದೆ. ಚೇಷ್ಟೆ ಮಾಡಿದ ಹಾಗೆ. ಒಮ್ಮೆ ನನ್ನ ಮುಖ ನೋಡಿದರೆ ತಿಳಿದುಬಿಡುತ್ತದೆ, ತಿಳಿಯಲಿ ಅಂತಲೇ ಕೇಳಿದೆ.

ಅಪ್ಪ ನಕ್ಕ. ಇಷ್ಟು ದಿನದಲ್ಲಿ ಮೊದಲ ಸಲ ನಕ್ಕನೇನೋ. "ನಿನಗ ಗವಿ ಯಾವದು, ಹೆಗ್ಗಣದ ಬಿಲ ಯಾವದು ಗೊತ್ತಾಗತೈತೇನ? ನೀ ಹಾಸ್ಟೆಲಿನಾಕಿ," ಅಂತ ತಲೆ ಸವರಿದ.

ನಾನೂ ನಕ್ಕೆ. ನನ್ನ ಮೇಲೆ ಅನುಮಾನ ಪಡುವಷ್ಟೂ ನಾನು ನಮ್ಮ ಹಟ್ಟಿಯವಳಲ್ಲ. ತಪ್ಪು ಮಾಡಲಿಕ್ಕೂ ಅವನ ಲೆಕ್ಕದಲ್ಲಿ ನೀನೇ ಬೇಕು. ಆ ಕಟ್ಟೆಯ ಮೇಲೆ, ಅಪ್ಪನ ಕೈ ತಲೆಯ ಮೇಲಿದ್ದಾಗ, ಅವನು ನಿನ್ನ ಮುಂದೆ ಹಿಡಿದ ಭಂಡಾರದ ಬಗ್ಗೆಯೂ ನನಗೆ ಹೊಟ್ಟೆ ಉರಿಯಿತು. ಅಂಥ ಮಾತು ಕೇಳಬೇಕಾದರೆ ಮೊದಲು ಅಷ್ಟು ನಂಬಿರಬೇಕು.

ಏಳುವಾಗ ಅಪ್ಪ ಒಂದು ಕೇಳಿದ. "ನಿಮ್ಮ ಸರ್‌ಗ ಕೇಳವಾ, ತಾಯಿ ಮತ್ತ ಅದ ಗವಿಗೆ ಬರತೈತೇನು ಅಂತ. ರಂಗಿ ದಿನಾ ಹೋಗಿ ಆ ಮಣ್ಣು ತಗದು ಹಸನ ಮಾಡಾಕತ್ತಾಳ. ನಾ ನೋಡಿಲ್ಲಂತ ತಿಳದಾಳ." ಇಷ್ಟು ಹೇಳಿ ಕಂಬಳಿ ಕೊಡವಿ ಬಸ್ಸಿಗೆ ಹೋದ. ಮಾತು ಬಿಟ್ಟಿದ್ದಾನೆ, ಆದರೆ ನೀನು ಎಲ್ಲಿ ಹೋಗುತ್ತೀ, ಏನು ಮಾಡುತ್ತೀ ಅಂತ ಹಿಂದೆಯೇ ನೋಡುತ್ತಿದ್ದಾನೆ ರಂಗಿ. ಇದನ್ನು ನಿನಗೆ ತಿಳಿಸಲು ನನಗೆ ಮನಸ್ಸಿರಲಿಲ್ಲ. ತಿಳಿಸಿದ್ದೇನೆ.

ನಿನ್ನೆ ಸರ್ ರೂಮಿಗೆ ಹೋದೆ. ಬಾಗಿಲಲ್ಲಿ ಎರಡು ಸಲ ವಾಪಸು ತಿರುಗಿದೆ. ಪರಾತ ಬಡಿದವಳು, ಗವಿ ಹುಡುಕಿದವಳು ನನ್ನ ತಂಗಿ, ನಾನು ಹೇಳಿದ್ದು ಸುಳ್ಳು ಅಂತ ಹೇಳಿದೆ. ವಿಡಿಯೋ ಹಾಕಿದ್ದು, ಮರಿ ಸತ್ತದ್ದು ಎಲ್ಲ ಹೇಳಿದೆ. ಅಪ್ಪನ ಪ್ರಶ್ನೆಗೆ ಸರ್, "ನಾನು ಪುಸ್ತಕ ನೋಡಿ ಹೇಳಬೇಕು. ಅದು ಹೋಗಿ ನೋಡೋರಿಗೇ ಗೊತ್ತಾಗೋದು," ಅಂದರು. ಆಮೇಲೆ, "ಆ ತಂಗೀನ್ನ ಒಂದಿನ ಕರ್ಕೊಂಡು ಬಾ, ಕ್ಲಾಸಿನಾಗ ಮಾತಾಡ್ಲಿ," ಅಂದರು. ಇಲ್ಲಿಯೂ ನೀನೇ. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಈಗ ಕೆಲಸದ ಮಾತು. ಈ ಪತ್ರ ನಾಳೆ ಶನಿವಾರ ಊರಿಗೆ ಹೋಗುವ ನರ್ಗೀಸಳ ಕೈಯಲ್ಲಿ ಬರುತ್ತದೆ. ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಸುಭಾನಸಾಬ ಚಾಚಾ ಇಸಕೊಂಡು ನಿನಗೆ ಮುಟ್ಟಿಸುತ್ತಾರೆ. ಅವರಿಗೆ ಫೋನು ಮಾಡಿ ಇದರಲ್ಲಿ ಏನಿದೆ ಅಂತ ಹೇಳಿದ್ದೇನೆ. ಅವರಿಗೆ ಸಿಟ್ಟು ಬರುತ್ತದೆ ಅಂತ ಕಣ್ಣು ಮುಚ್ಚಿಕೊಂಡು ಹೇಳಿದೆ. "ನಂಗ ಅನುಮಾನ ಇತ್ತು ಬೇಟಿ," ಅಂದರು. "ಸಂಕ್ರಾಂತಿಗೆ ಹಳ್ಳದ ದಂಡಿಮ್ಯಾಲೆ ನಿಮ್ಮಿಬ್ಬರ ಹೆಜ್ಜಿ ನೋಡಿದ್ದೆ. ರಂಗವ್ವನೇ ಬಾಯಿ ಮುಚ್ಚಿದ ಮ್ಯಾಲೆ ನಾ ಯಾವಾಂವ ಬಿಚ್ಚಾಕ? ನೀನ ಹೇಳ್ಲಿ ಅಂತ ಕುಂತಿದ್ದೆ." ಒಬ್ಬರಾದರೂ ನನ್ನ ಮೇಲೆ ಅನುಮಾನ ಪಟ್ಟಿದ್ದರು. ಫೋನು ಇಟ್ಟು ಅತ್ತೆ.

ಶನಿವಾರ ಸಂಜೆ ಮರಿಗಳಿಗೆ ಹಾಲು ಕುಡಿಸಿ ಆದ ಮೇಲೆ ಇದನ್ನು ಅಪ್ಪನಿಗೆ ಓದಿ ಹೇಳು. ಅಪ್ಪನಿಗೆ ಓದಲು ಬರುವುದಿಲ್ಲ, ಮುತ್ತುರಾಜನಿಗೆ ಕೊಟ್ಟರೆ ಅವನು ಅಕ್ಷರ ಕೂಡಿಸಿ ಮುಗಿಸುವಷ್ಟರಲ್ಲಿ ಕುರಿ ಬಾದಾಮಿ ಮುಟ್ಟಿರುತ್ತವೆ. ನೀನೇ ಓದಬೇಕು. ಅಪ್ಪ ಮಾತು ಬಿಟ್ಟಿರಬಹುದು, ಕಿವಿ ಬಿಟ್ಟಿಲ್ಲ. ಚಾಚಾ ಬಾಜೂಕ ಕೂರುತ್ತೇನೆ ಅಂದಿದ್ದಾರೆ. ಪೈಪು ಕಂಡೂ ಹಾಕಿದ್ದನ್ನು ಓದು, ನಾನು ಖುಷಿಪಟ್ಟದ್ದನ್ನು ಓದು. ಅಕ್ಕನ ಮರ್ಯಾದೆ ಅಂತ ಒಂದು ಸಾಲನ್ನೂ ನುಂಗಬೇಡ.

ನಿನ್ನ ಸ್ವಭಾವ ನನಗೆ ಗೊತ್ತು. ಇದನ್ನು ಒಲೆಗೆ ಹಾಕಿ, ಸುಮ್ಮನೆ ಮನೆಯಲ್ಲಿ ಕೂತುಬಿಡುತ್ತೀ. ಹಾಗೆ ಮಾಡಿದರೆ ಇನ್ನೊಮ್ಮೆ ನೀನೇ ಒಳ್ಳೆಯವಳಾಗುತ್ತೀ, ಅದನ್ನು ನಾನು ತಡೆದುಕೊಳ್ಳಲಾರೆ. ಅಪ್ಪ ಸಿಟ್ಟಾಗುವ ಮೊದಲೇ ನನ್ನನ್ನು ಕ್ಷಮಿಸಬೇಡ. ಇಪ್ಪತ್ತು ದಿನದಿಂದ ನನ್ನ ಪಾಲಿನ ಸಿಟ್ಟು ನೀನು ಉಂಡಿದ್ದೀ. ಅದನ್ನು ನನಗೆ ಬಿಟ್ಟುಕೊಡು. ಅಪ್ಪ ನನ್ನ ಮೇಲೆ ಒಂದು ದಿನವೂ ಸಿಟ್ಟಾದವನಲ್ಲ ರಂಗಿ. ವರ್ಷಕ್ಕೆ ಹತ್ತು ದಿನ ಬಂದು ಹೋಗುವವಳ ಮೇಲೆ ಯಾರು ಸಿಟ್ಟಾಗುತ್ತಾರೆ? ಈ ಸಲ ಆಗಲಿ. ಬಂದು ಬೈಯಲಿ, ಇಲ್ಲಾ ನನ್ನ ಜೊತೆಗೂ ಮಾತು ಬಿಡಲಿ. ಭಾನುವಾರ ಮಧ್ಯಾಹ್ನದ ಬಸ್ಸಿಗೆ ನಾನೇ ಬರುತ್ತೇನೆ, ಎದುರಿಗೆ ನಿಲ್ಲುತ್ತೇನೆ. ಅಂಜುಬುರಕಿಯೇ ನಾನು, ಆದರೂ ಬರುತ್ತೇನೆ.

ಸೋಮವಾರ ನೀನೇ ಮುಂದೆ ನಡಿ. ದಾರಿಯುದ್ದಕ್ಕೂ ನಿನಗೆ ನೀರು ಸಿಗಲಿ, ನಿನ್ನ ಹಿಂದೆ ಒಂದು ಮರಿಯೂ ತಪ್ಪದಿರಲಿ.

ಇನ್ನೂ ಹೊಟ್ಟೆಕಿಚ್ಚು ಆರದ ನಿನ್ನ ಅಕ್ಕ,
ಅಂಜನಾ